ಶಿಖರಜಿಯ ಹಾದಿಯ ಬಿಸಿಲು

ಸಮ್ಮೇದ ಶಿಖರಜಿಯ ವಂದನೆಯೆಂದರೆ ಸುಮಾರು 27 ಕಿಲೋಮೀಟರ್ ನಡಿಗೆ. ಮಧುಬನದಿಂದ ಮೇಲಕ್ಕೆ 9, ಇಪ್ಪತ್ತು ತೀರ್ಥಂಕರರ ನಿರ್ವಾಣಸ್ಥಾನಗಳನ್ನು ಸುತ್ತಲು 9, ಮರಳಿ ಇಳಿಯಲು 9. ಭಗವಾನ್ ಪಾರ್ಶ್ವನಾಥರ ಟೋಂಕ್ ಇರುವ ನೆತ್ತಿಯು ಸಮುದ್ರಮಟ್ಟದಿಂದ ಸುಮಾರು 4,480 ಅಡಿ ಎತ್ತರದಲ್ಲಿದೆ. ಇಂದಿನ ಯಾತ್ರಿಕನು ಪಾರಸನಾಥ ನಿಲ್ದಾಣದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಮೋಟಾರಿನಲ್ಲಿ ಮಧುಬನ ಸೇರಿ, ಈ ಒಂದು ದಿನದ ಆಯಾಸವನ್ನೇ ಯಾತ್ರೆಯ ಕಷ್ಟವೆಂದು ಊರಿನಲ್ಲಿ ವರ್ಣಿಸುತ್ತಾನೆ. ರೈಲು ಬರುವುದಕ್ಕೆ ಮುಂಚೆ ಬೆಟ್ಟದ ಬುಡವನ್ನು ತಲುಪಿದವನಿಗೆ ಕಷ್ಟದ ಅರ್ಧ ಮಾತ್ರ ಕಳೆದಿರುತ್ತಿತ್ತು. ಬಂದಷ್ಟೇ ದೂರ ಹಿಂದಿರುಗುವುದು ಉಳಿದಿರುತ್ತಿತ್ತು.

ಆ ಕಾಲದ ಒಂದು ಯಾತ್ರೆಯ ವಿವರ ಸುದೈವದಿಂದ ಉಳಿದುಬಂದಿದೆ. ಕವಿ ಬನಾರಸೀದಾಸರು 1641ರಲ್ಲಿ ರಚಿಸಿದ ‘ಅರ್ಧಕಥಾನಕ’ವು ವ್ಯಾಪಾರಿಯೊಬ್ಬನು ಲಾಭನಷ್ಟಗಳನ್ನು ಮುಚ್ಚಿಡದೆ ಬರೆದ ಆತ್ಮಕಥೆ. ವಿಕ್ರಮ ಸಂವತ್ 1661ರ, ಎಂದರೆ ಕ್ರಿ.ಶ. 1604ರ, ಚೈತ್ರ ಶುದ್ಧ ಬಿದಿಗೆಯ ಸಂಗತಿಯನ್ನು ಅವರು ಅದರಲ್ಲಿ ಹೇಳಿದ್ದಾರೆ. ರಾಜಕುಮಾರ ಸಲೀಮನ ಜವಾಹಿರಿಯಾಗಿದ್ದ ಹೀರಾನಂದ ಮುಕೀಮನು ಪ್ರಯಾಗದಿಂದ ಶಿಖರಜಿಗೆ ಸಂಘವನ್ನು ಹೊರಡಿಸಿದನು. ಊರೂರಿಗೆ ಪತ್ರಗಳು ಹೋದವು. ಜೌನಪುರದಲ್ಲಿದ್ದ ಕವಿಯ ತಂದೆ ಖರಗಸೇನನಿಗೂ ಕರೆ ಬಂದಿತು. ಆತನು ಮನೆಮಾರುಗಳನ್ನು ಬಿಟ್ಟು ಕುದುರೆಯೇರಿ ಹೊರಟು ಸಂಘವನ್ನು ಕೂಡಿಕೊಂಡನು.

ಚೈತ್ರದಲ್ಲಿ ಪ್ರಯಾಗವನ್ನು ಬಿಟ್ಟ ಸಂಘಕ್ಕೆ ದಾರಿಯಲ್ಲೇ ವೈಶಾಖ ಬರುತ್ತದೆ. ಗಂಗೆಯ ಬಯಲಿನಲ್ಲಿ ಬಿಸಿಗಾಳಿ ಬೀಸುವ ಕಾಲವದು. ಮಳೆ ಹಿಡಿಯುವ ಮುನ್ನ ಮನೆ ಸೇರಬೇಕಾದುದರಿಂದ ನೆರಳಿನಲ್ಲಿ ದಿನಗಳನ್ನು ಕಳೆಯುವಂತೆಯೂ ಇಲ್ಲ. ಸಂಘವು ಹಿಂದಿರುಗಿದಾಗ ಕೆಲವರು ಬದುಕಿ ಬಂದಿದ್ದರು, ಕೆಲವರು ಸತ್ತಿದ್ದರು, ಕೆಲವರು ಘೋರವಾಗಿ ಅಸ್ವಸ್ಥರಾಗಿದ್ದರು ಎಂದು ಬನಾರಸೀದಾಸರು ಬರೆಯುತ್ತಾರೆ. ಖರಗಸೇನನು ಪಾಟ್ನಾದಲ್ಲಿ ಉದರರೋಗದಿಂದ ನರಳಿ, ಹೇಗೋ ಚೇತರಿಸಿಕೊಂಡು ಮನೆಗೆ ಬಂದು ಮತ್ತೆ ಮಂಚ ಹಿಡಿದನು. ಬಿಸಿಲಿನ ಮೇಲೆಯಾಗಲಿ ಬೆಟ್ಟದ ಮೇಲೆಯಾಗಲಿ ಕವಿ ಹೊಣೆ ಹೊರಿಸಿಲ್ಲ. ಸಂಘಪತಿಯನ್ನೂ ದೂಷಿಸಿಲ್ಲ. ಹೀರಾನಂದನು ಜನರ ಉಪಚಾರವನ್ನು ಸ್ವೀಕರಿಸುತ್ತ ನಾಲ್ಕು ದಿನ ಜೌನಪುರದಲ್ಲಿದ್ದು ಆರನೆಯ ದಿನ ಪ್ರಯಾಗಕ್ಕೆ ಹೊರಟುಹೋದನೆಂದು, ವಹಿಯಲ್ಲಿ ಬರೆದಂತೆ, ನಮೂದಿಸಿದ್ದಾರೆ ಅಷ್ಟೆ. ಓದುಗನಿಗೆ ಆ ಎರಡು ವಿಷಯಗಳೂ ಒಟ್ಟಿಗೆ ಕಾಣುತ್ತವೆ: ಒಳಗೆ ಮಂಚದ ಮೇಲೆ ಯಾತ್ರಿಕ, ಹೊರಗೆ ಸಂಘಪತಿಗೆ ಸನ್ಮಾನ.

ಯಾತ್ರೆಯಲ್ಲಿ ಕಷ್ಟವು ಸಹಜ, ಅದು ಪರೀಷಹ, ಸಹಿಸಿದರೆ ನಿರ್ಜರೆ ಎಂದು ಇಂತಹ ಸಂದರ್ಭಗಳಲ್ಲಿ ಹೇಳುವುದುಂಟು. ಈ ಮಾತನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿರುವ 22 ಪರೀಷಹಗಳಲ್ಲಿ ಬಾಯಾರಿಕೆ, ಸೆಕೆ, ನಡಿಗೆ ಮೂರೂ ಇವೆ. ಅವು ಮುಖ್ಯವಾಗಿ ಮುನಿಯ ಪಾಲಿಗೆ ಹೇಳಿದವು. ದಿಗಂಬರ ಮುನಿಯು ದಿನಕ್ಕೆ ಒಂದೇ ಬಾರಿ, ನಿಂತು, ಕೈಯಲ್ಲೇ ಆಹಾರ ಸ್ವೀಕರಿಸುತ್ತಾನೆ, ನೀರೂ ಆಗಲೇ. ಅನಂತರ ಎಷ್ಟೇ ಬಿಸಿಲಿರಲಿ, ಮಾರನೆಯ ದಿನದವರೆಗೆ ಗುಟುಕು ನೀರಿಲ್ಲ. ತಂಪಿರುವಾಗ ನಡೆಯೋಣವೆಂದರೆ ಈರ್ಯಾಸಮಿತಿ ಅಡ್ಡ ಬರುತ್ತದೆ. ನಾಲ್ಕು ಮೊಳದಷ್ಟು ನೆಲವನ್ನು ಕಣ್ಣಿಟ್ಟು ನೋಡುತ್ತ, ಹಗಲಿನ ಬೆಳಕಿನಲ್ಲೇ ಹೆಜ್ಜೆಯಿಡಬೇಕು. ಇರುವೆಯೊಂದರ ಪ್ರಾಣಕ್ಕಾಗಿ ಆತನು ಸೂರ್ಯನ ತಾಪವನ್ನು ತನ್ನ ಮೇಲೆ ತೆಗೆದುಕೊಳ್ಳುತ್ತಾನೆ. ಬಿಸಿಲಿಗೆ ಧರ್ಮದಲ್ಲಿ ಬೆಲೆ ಬರುವುದು ಅಲ್ಲಿ.

ಸಂಘ ಹೊರಡಿಸುವ ಶ್ರಾವಕನು ಓದಬೇಕಾದ ಸೂತ್ರ ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಹೊರಲಾರದಷ್ಟು ಹೊರಿಸುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ಮಾಡುವುದು. ಗಾಡಿಯ ಎತ್ತು, ಹೊರೆಯಾಳು, ಹಿಂದುಳಿದ ಮುದುಕಿ, ಎಲ್ಲರಿಗೂ ಈ ಸೂತ್ರ ಸಲ್ಲುತ್ತದೆ. ತಾನೇ ಸಹಿಸಿದ ಬಿಸಿಲು ಪರೀಷಹವಾದೀತು. ಅನ್ಯರಿಂದ ಸಹಿಸಿಸಿದ ಬಿಸಿಲು ಈ ಲೆಕ್ಕಕ್ಕೆ ಸೇರುತ್ತದೆ.

1604ರ ಸಂಘದ ಎದುರಿಗೆ ಇನ್ನೊಂದು ಸಂಘವನ್ನು ಇಟ್ಟು ನೋಡಬಹುದು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು 1927ರಲ್ಲಿ ಕುಂಭೋಜದಿಂದ ಶಿಖರಜಿಗೆ ವಿಹಾರ ಹೊರಟರು. ಉತ್ತರದಿಂದ ದಕ್ಷಿಣಕ್ಕೆ ಮುನಿಸಂಘವು ನಡೆದುಬಂದ ವೃತ್ತಾಂತವನ್ನು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರ ಶಾಸನವು ಹೇಳುತ್ತದೆ. ಇದು ಅದಕ್ಕೆ ಎದುರು ದಿಕ್ಕಿನ ನಡಿಗೆ. ಈ ಸಂಘದ ಖರ್ಚನ್ನು ವಹಿಸಿಕೊಂಡವರೂ ಜವಾಹಿರಿಗಳೇ, ಮುಂಬಯಿಯವರು. ಆದರೆ ಚಾತುರ್ಮಾಸ ಮುಗಿದ ಮೇಲೆ ಹೊರಟ ಸಂಘವು ಬೇಸಿಗೆ ಬಲಿಯುವ ಮುನ್ನ, 1928ರ ಫಾಲ್ಗುಣದಲ್ಲಿ, ಶಿಖರಜಿಯನ್ನು ಸೇರಿತು. ಬರಿಗಾಲಿನಲ್ಲಿ ನಡೆಯುವ ಮುನಿಗಳಿದ್ದ ಸಂಘವು ಋತುವನ್ನು ನೋಡಿ ಹೊರಟಿತ್ತು. ಕುದುರೆಗಳಿದ್ದ ಸಂಘವು ಚೈತ್ರದಲ್ಲಿ ಹೊರಟಿತ್ತು.

ಈಗ ಸಂಘಪತಿಯ ಸ್ಥಾನದಲ್ಲಿ ಬಸದಿಗಳ ಟ್ರಸ್ಟುಗಳಿವೆ. ಮಕ್ಕಳಿಗೆ ರಜೆಯೆಂಬ ಕಾರಣದಿಂದ ಏಪ್ರಿಲ್-ಮೇ ತಿಂಗಳುಗಳಲ್ಲಿ ಯಾತ್ರೆ ಏರ್ಪಡಿಸುವುದುಂಟು. ಬಿಸಿಲನ್ನು ತಪ್ಪಿಸಲು ಯಾತ್ರಿಕರು ರಾತ್ರಿ ಎರಡು ಮೂರು ಗಂಟೆಗೇ ಬ್ಯಾಟರಿ ದೀಪ ಹಿಡಿದು ಬೆಟ್ಟವೇರುತ್ತಾರೆ. ಗೃಹಸ್ಥನಿಗೆ ಇದು ನಿಷಿದ್ಧವೆನ್ನಲಾಗದು, ಅಶಕ್ತರಿಗಂತೂ ಅನಿವಾರ್ಯ. ಆದರೂ ಕಾಲಡಿಯಲ್ಲಿ ಏನಿದೆಯೆಂದು ಕಾಣದೆ ನಡೆದವನು ಮುನಿಯ ಹಗಲು ನಡಿಗೆಯನ್ನು ನೆನೆಯಲಿ. ಯಾತ್ರೆಯನ್ನು ಮಾಘದಲ್ಲಿ ಇಟ್ಟುಕೊಂಡರೆ ಬೆಳಕು ಹರಿದ ಮೇಲೂ ಬೆಟ್ಟವನ್ನು ಏರಬಹುದು.

ಡೋಲಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ನಡೆಯಲಾರದ ವೃದ್ಧರಿಗೆ ಅದಿಲ್ಲದೆ ವಂದನೆಯಿಲ್ಲ. ಹೊರುವವರಿಗೆ ಅದು ಅನ್ನ. ತೂಕಕ್ಕೆ ತಕ್ಕ ಕೂಲಿಯೆಂದು ಚೌಕಾಶಿ ಮಾಡುವುದು ವ್ಯಾಪಾರಧರ್ಮ. ಆದರೆ ಗಂಧರ್ವನಾಲೆಯ ಬಳಿ ಹೊತ್ತವರು ಇಳಿಸಿ ದಣಿವಾರಿಸಿಕೊಳ್ಳುವಾಗ ಹೊತ್ತಾಯಿತೆಂದು ಅವಸರಪಡಿಸುವುದು, ತನ್ನ ಬುತ್ತಿಯನ್ನು ಬಿಚ್ಚಿ ಅವರ ಕಡೆ ನೋಡದಿರುವುದು, ಇವು ಏಳನೆಯ ಅಧ್ಯಾಯದ ಅತಿಚಾರಗಳೇ. ಟ್ರಸ್ಟಿನ ಯಾತ್ರಾ ಖರ್ಚಿನ ಪಟ್ಟಿಯಲ್ಲಿ ಹೊರುವವರ ಊಟ, ನೀರುಗಳಿಗೆ ಒಂದು ಬಾಬು ಇರುವುದು ನ್ಯಾಯ.

ಶಾಂತಿಸಾಗರರು 1920ರಲ್ಲಿ ಮುನಿದೀಕ್ಷೆ ಪಡೆಯುವುದಕ್ಕೆ ಬಹಳ ಮುಂಚೆ, ಇನ್ನೂ ಭೋಜದ ಸಾತಗೌಡರಾಗಿದ್ದಾಗ, ಒಮ್ಮೆ ಶಿಖರಜಿಗೆ ಯಾತ್ರೆ ಹೋಗಿದ್ದರು. ಬೆಟ್ಟವನ್ನು ಹತ್ತಲಾರದೆ ನಿಂತಿದ್ದ ವೃದ್ಧೆಯೊಬ್ಬಳನ್ನು ಬೆನ್ನಿನ ಮೇಲೆ ಕೂರಿಸಿಕೊಂಡು ಅವರು ವಂದನೆ ಮಾಡಿಸಿದರೆಂದು ಅವರ ಜೀವನಚರಿತ್ರೆಯಲ್ಲಿ ಹೇಳಿದೆ.