ಕಾವೇರಿಯ ನಡುಗಡ್ಡೆಯೂ ಕೊಡಗಿನ ಮೂಡಣ ಗಡಿಯೂ

ಕೊಡಗಿಗೆ ಕಡಲಿಲ್ಲ. 1834ರಲ್ಲಿ ಇಂಗ್ಲಿಷರು ಹಾಲೇರಿ ವಂಶದ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ, ಅದುವರೆಗೆ ಮಡಿಕೇರಿಯ ಆಳ್ವಿಕೆಗೆ ಒಳಪಟ್ಟಿದ್ದ ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆಗಳನ್ನು ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಕೂಡಿಸಿದ ಮೇಲೆ, ಕಡಲಿನ ನೆರೆಯೆಂಬ ಅಲ್ಪ ಭಾಗ್ಯವೂ ಈ ನಾಡಿಗೆ ತಪ್ಪಿಹೋಯಿತು. ಮಲ್ಪೆಯಲ್ಲಿ ದೋಣಿಯೇರಿದವರು ಸೇಂಟ್ ಮೇರಿಸ್ ದ್ವೀಪವನ್ನು ಕಂಡು ಸಂಜೆಗೆ ಮರಳುವಂತೆ, ಒಂದು ಹಗಲನ್ನು ದ್ವೀಪವೊಂದರ ಆಸುಪಾಸಿನಲ್ಲಿ ಕಳೆಯಬೇಕೆಂಬ ಆಸೆ ಕೊಡಗಿನಲ್ಲಿ ಯಾರಿಗಾದರೂ ಉಂಟಾದರೆ, ಅವರು ಘಟ್ಟವಿಳಿಯದೆ ಮೂಡಣ ದಿಕ್ಕಿಗೆ ಮುಖಮಾಡಿ ಕುಶಾಲನಗರದ ದಾರಿ ಹಿಡಿಯಬೇಕು.

ಅಲ್ಲಿ, ಮಡಿಕೇರಿಯ ಹೆದ್ದಾರಿಯ ಮಗ್ಗುಲಲ್ಲಿಯೇ, ಕಾವೇರಿಯು ಎರಡಾಗಿ ಒಡೆದು ಮತ್ತೆ ಒಂದಾಗುವ ಎಡೆಯಲ್ಲಿ ಸುಮಾರು 64 ಎಕರೆಗಳ ನಡುಗಡ್ಡೆಯೊಂದುಂಟು. 1980ರ ದಶಕದ ಕೊನೆಯಲ್ಲಿ ಅರಣ್ಯ ಇಲಾಖೆಯು ಇದನ್ನು ‘ಕಾವೇರಿ ನಿಸರ್ಗಧಾಮ’ವೆಂಬ ಹೆಸರಿನಿಂದ ಜನರಿಗೆ ತೆರೆದಿರಿಸಿತು. ತೂಗುಸೇತುವೆಯ ಮೇಲೆ ಕಾಲಿರಿಸಿದೊಡನೆ, ಎದುರಿನಿಂದ ಬರುವವರ ಹೆಜ್ಜೆಯ ತೂಕವು ನಮ್ಮ ಅಂಗಾಲಿಗೆ ತಿಳಿಯುತ್ತದೆ. ದಾಟಿದ ಮೇಲೆ ಬಿದಿರು ಮೆಳೆಗಳ ನೆರಳು. ಗಾಳಿ ಬೀಸಿದಾಗ ಗಳಗಳು ಒಂದಕ್ಕೊಂದು ಉಜ್ಜಿ ಹೊರಡಿಸುವ ಕಿರುಗುಟ್ಟುವ ಸದ್ದು, ತೇಗದ ಒಣಗಿದ ಎಲೆಯ ಮೇಲೆ ನಡೆವಾಗಿನ ಚರಪರ ಸದ್ದು, ಕಲ್ಲುಗಳ ನಡುವೆ ಮೊಣಕಾಲಿನವರೆಗೆ ನೀರಿಗಿಳಿದ ಮಕ್ಕಳ ಗದ್ದಲ, ಇವಿಷ್ಟೇ ಇಲ್ಲಿನ ವಿಶೇಷ. ಮರದ ಮೇಲಣ ಕುಟೀರಗಳೂ ಜಿಂಕೆಗಳೂ ಪ್ರವಾಸಿಗರನ್ನು ಮೆಚ್ಚಿಸಲು ಆಮೇಲೆ ಬಂದುವು. ಅವಿಲ್ಲದಿದ್ದರೂ ನಡುಗಡ್ಡೆಗೆ ಕೊರತೆಯೇನೂ ಆಗುತ್ತಿರಲಿಲ್ಲ.

ಈ ನಡುಗಡ್ಡೆಯ ಸುತ್ತ ಒಂದು ದಿನದಲ್ಲಿ ನೋಡಿಬರಬಹುದಾದ ಎಡೆಗಳಿಗೆಲ್ಲ ಒಂದು ಸಮಾನ ಗುಣವುಂಟು. ಅದನ್ನು ಪ್ರವಾಸದ ಕೈಪಿಡಿಗಳು ಹೇಳುವುದಿಲ್ಲ. ಇವೆಲ್ಲವೂ ಗಡಿಯ ಸ್ಥಳಗಳು. ಕುಶಾಲನಗರದ ಬಳಿ ಬಡಗಮುಖಿಯಾಗಿ ಹರಿಯುವ ಕಾವೇರಿಯೇ ಕೊಡಗಿಗೂ ಮೈಸೂರಿಗೂ ನಡುವಿನ ಎಲ್ಲೆ. ನಾಡಿನೊಳಗೆ ಬೆಟ್ಟದಿಂದ ಬೆಟ್ಟಕ್ಕೆ ಆಳವಾದ ಕಡಂಗಗಳನ್ನು ತೋಡಿ ತಮ್ಮನ್ನು ಕಾಯ್ದುಕೊಂಡ ಜನಕ್ಕೆ, ಮೂಡಣದಲ್ಲಿ ಈ ನದಿಯೇ ಪ್ರಕೃತಿಯು ತೋಡಿಕೊಟ್ಟ ಕಡಂಗವಾಗಿದ್ದಿತು.

ಆಚೆಯ ದಡದಿಂದ ಇಂದು ಬಸ್ಸು ಅಲ್ಪಕಾಲದಲ್ಲಿಯೇ ತಲುಪುವ ಪಿರಿಯಾಪಟ್ಟಣದ ಕೋಟೆಯಲ್ಲಿ ಟಿಪ್ಪುಸುಲ್ತಾನನು ಕೊಡಗಿನ ರಾಜಕುಮಾರನಾದ ದೊಡ್ಡವೀರರಾಜೇಂದ್ರನನ್ನು ಸೆರೆಯಲ್ಲಿಟ್ಟಿದ್ದನು. 1788ರ ಡಿಸೆಂಬರಿನಲ್ಲಿ ಅವನು ಅಲ್ಲಿಂದ ತಪ್ಪಿಸಿಕೊಂಡು, ಕಾಡು ಸೇರಿ, ಕೊಡವರನ್ನು ಒಗ್ಗೂಡಿಸಿ, ನಾಡನ್ನು ಮರಳಿ ಗಳಿಸಿದನು. ಇಂಗ್ಲಿಷರ ಕಂಪೆನಿಯೊಡನೆ 1790ರಲ್ಲಿ ಸಖ್ಯ ಬೆಳೆಸಿದನು. ಆ ಸಖ್ಯದ ಫಲವನ್ನು ಅವನ ತಮ್ಮನ ಮಗನು ಉಣ್ಣಬೇಕಾಯಿತು: 1834ರಲ್ಲಿ ಕಂಪೆನಿಯ ತುಕಡಿಗಳು ಹಲವು ದಿಕ್ಕಿನಿಂದ ನಾಡಿಗೆ ನುಗ್ಗಿದಾಗ, ಮೂಡಣದಿಂದ ಬಂದ ಪಡೆಯು ಕಾವೇರಿಯನ್ನು ದಾಟಿ ಏಪ್ರಿಲ್ 6ರಂದು ಮಡಿಕೇರಿಯನ್ನು ಪ್ರವೇಶಿಸಿತು. ಆ ಪಡೆಯೊಡನಿದ್ದ ಕರ್ನಲ್ ಫ್ರೇಜರನ ಹೆಸರೇ ನದಿಯ ದಡದ ಪೇಟೆಗೆ ಅಂಟಿಕೊಂಡು, ಬಹುಕಾಲ ಅದು ಫ್ರೇಜರ್‌ಪೇಟೆ ಎನಿಸಿಕೊಂಡಿತು.

ಕುಶಾಲನಗರವೆಂಬ ಹೆಸರಿಗೆ ಮಾತ್ರ ಬೇರೊಂದು ಕಥೆಯುಂಟು. ಹೈದರಾಲಿಯು ಇಲ್ಲಿ ಬೀಡುಬಿಟ್ಟಿದ್ದಾಗ ತನಗೆ ಮಗ ಹುಟ್ಟಿದ ಸುದ್ದಿ ಕೇಳಿ, ಕುಶಾಲಾಗಿ ಊರಿಗೆ ಈ ಹೆಸರಿಟ್ಟನಂತೆ. ಕೇಳಲು ಸೊಗಸಾದ ಕಥೆ. ಆದರೆ ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದುದು 1750ರ ಸುಮಾರಿನಲ್ಲಿ, ಹೈದರನ ಕತ್ತಿ ಕೊಡಗಿನ ಕಡೆಗೆ ತಿರುಗಿದುದು ಅದಾಗಿ ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ತಂದೆಗೆ ಸುದ್ದಿ ಮುಟ್ಟಲು ಅಷ್ಟು ಕಾಲ ಹಿಡಿಯಿತೆಂದು ನಂಬುವುದು ಕಷ್ಟ.

ನಡುಗಡ್ಡೆಯಿಂದ ನದಿಯ ಮೇಲ್ದಿಕ್ಕಿಗೆ ಸ್ವಲ್ಪ ದೂರ ಸಾಗಿದರೆ ದುಬಾರೆ. ದಡದಲ್ಲಿ ನಿಂತು ದೋಣಿಗಾಗಿ ಕಾಯಬೇಕು. ಬೇಸಗೆಯಲ್ಲಾದರೆ ಬಂಡೆಗಳು ತಲೆಯೆತ್ತಿ ನೀರು ಸಣ್ಣ ಸಣ್ಣ ಕವಲುಗಳಾಗಿ ಹರಿಯುತ್ತದೆ. ಆಚೆಯ ದಡದಲ್ಲಿ ಅರಣ್ಯ ಇಲಾಖೆಯ ಸಾಕಾನೆಗಳ ಶಿಬಿರ. ಬೆಳಗಿನ ಹೊತ್ತು ಆನೆಯು ನೀರಿನಲ್ಲಿ ಒಂದು ಮಗ್ಗುಲಾಗಿ ಮಲಗಿ, ಸೊಂಡಿಲಿನ ತುದಿಯನ್ನು ಮಾತ್ರ ಮೇಲೆತ್ತಿ ಉಸಿರಾಡುತ್ತಿರಲು, ಮಾವುತನು ಅದರ ಹೊಟ್ಟೆಯ ಮೇಲೇರಿ ಕಿವಿಯ ಹಿಂಬದಿಯನ್ನು ತಿಕ್ಕಿ ತೊಳೆಯುತ್ತಾನೆ. ಮಿಂದೆದ್ದ ಮೇಲೆ ಬೆಲ್ಲ ಸೇರಿಸಿದ ರಾಗಿಯ ಮುದ್ದೆಯನ್ನು ನೇರವಾಗಿ ಅದರ ಬಾಯೊಳಗೆ ಇಡುತ್ತಾನೆ. ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಬಹುಮಂದಿ ಜೇನುಕುರುಬರು. ಊರಿಗೆ ನುಗ್ಗಿ ಹಾವಳಿ ಮಾಡಿದ ಕಾಡಾನೆಯನ್ನು ಹಿಡಿದು ತಂದು, ದಪ್ಪ ದಿಮ್ಮಿಗಳಿಂದ ಕಟ್ಟಿದ ಕ್ರಾಲಿನಲ್ಲಿ ಕೂಡಿಹಾಕಿ, ತಿಂಗಳುಗಟ್ಟಲೆ ಮಾತನಾಡಿಸಿ ಪಳಗಿಸುವ ವಿದ್ಯೆ ಅವರದು.

ಕೊಡಗಿಗೂ ಆನೆಗೂ ಇದ್ದ ಸಂಬಂಧ ಯಾವಾಗಲೂ ಇಷ್ಟು ಸೌಮ್ಯವಾಗಿರಲಿಲ್ಲ. ಕೊಡಗಿನ ಅರಸನೊಬ್ಬನು 38 ದಿನಗಳಲ್ಲಿ 233 ಆನೆಗಳನ್ನು ಕೊಂದನೆಂದೂ, ಅವನ ಭಟರು 181 ಆನೆಗಳನ್ನು ಜೀವಸಹಿತ ಹಿಡಿದರೆಂದೂ ಹೆಮ್ಮೆಯಿಂದ ಸಾರುವ ಶಿಲಾಶಾಸನವೇ ಈ ನಾಡಿನಲ್ಲಿ ದೊರೆತಿದೆ. ಮಡಿಕೇರಿಯ ಕೋಟೆಯೊಳಗೆ ನಿಂತಿರುವ ಗಾರೆಯ ಜೋಡಿ ಆನೆಗಳನ್ನು ನೋಡಿದವರಿಗೆ ಈ ಲೆಕ್ಕ ನೆನಪಾಗದಿರದು. ಆಮೇಲೆ ಮೈಸೂರು ಸೀಮೆಯಲ್ಲಿ, 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬವನು ಹಿಂಡು ಹಿಂಡಾಗಿ ಆನೆ ಹಿಡಿಯುವ ಖೆಡ್ಡಾ ಪದ್ಧತಿಯನ್ನು ನೆಲೆಗೊಳಿಸಿದನು. ಅದೇ ಸೀಮೆಯ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ದುಬಾರೆಯ ಆನೆಗಳು ಮೈಸೂರಿನ ದಸರೆಯ ಮೆರವಣಿಗೆಗೆ ಇಂದಿಗೂ ಹೋಗುತ್ತವೆ. ಒಂದು ಕಾಲದಲ್ಲಿ ಸೈನ್ಯಗಳು ದಾಟಿದ ಗಡಿಯನ್ನು ಈಗ ವರ್ಷಕ್ಕೊಮ್ಮೆ ದಾಟುವ ಗಜಪಡೆಯೆಂದರೆ ಇದೊಂದೇ.

ಸೇತುವೆ ದಾಟಿ ಕೊಪ್ಪಕ್ಕೆ ಕಾಲಿಟ್ಟರೆ ಮೈಸೂರು ಜಿಲ್ಲೆ. ಮೈಸೂರು ರಾಜ್ಯ ಸರ್ಕಾರವು ನೀಡಿದ ಭೂಮಿಯಲ್ಲಿ 1961ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಬೈಲುಕುಪ್ಪೆಯಲ್ಲಿ ಆರಂಭವಾಯಿತು. ಕಾಡು ಕಡಿದು ಜೋಳ ಬೆಳೆದ ಆ ಜನ 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ಮಠದಲ್ಲಿ ಮುಂದೆ ಸ್ವರ್ಣಮಂದಿರವನ್ನು ಎಬ್ಬಿಸಿದರು. ಅದರೊಳಗಣ ಬೃಹದ್ ಬುದ್ಧನ ವರ್ಣನೆಯನ್ನು ಓದುಗರು ಬೇರೆಡೆ ಬೇಕಾದಷ್ಟು ಓದಿರುವರು, ನಾನು ವಿಸ್ತರಿಸುವುದಿಲ್ಲ.

ನದಿಯ ಕೆಳದಿಕ್ಕಿಗೆ ಹೋಗುವವರು ವಿರಳ, ಹೋಗಬೇಕಾದುದು ಮಾತ್ರ ಅತ್ತಲೇ. ಕೂಡಿಗೆಯಲ್ಲಿ ಹಾರಂಗಿಯು ಕಾವೇರಿಯನ್ನು ಸೇರುತ್ತದೆ. ಮುಂದೆ ಕಣಿವೆಯಲ್ಲಿ ನದಿಯ ದಡದ ರಾಮಲಿಂಗೇಶ್ವರನ ಗುಡಿ. ಟಿಕೇಟಿನ ಗೂಡಿಲ್ಲ, ಗದ್ದಲವಿಲ್ಲ. ಎರಡು ಸೀಮೆಗಳ ಜನ ಒಂದೇ ನೀರಿನಲ್ಲಿ ಬಟ್ಟೆ ಒಗೆದು, ಒಂದೇ ದೇವರಿಗೆ ಕೈಮುಗಿಯುತ್ತಾರೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಗಿ ಈ ನದಿ ರಾಜ್ಯದ ಗಡಿಯಾಗುಳಿಯದೆ ಜಿಲ್ಲೆಯ ಗಡಿಯಾದುದು ಇಲ್ಲಿ ಎಷ್ಟು ಸಹಜವಾಗಿ ಕಾಣುವುದೋ ಮಡಿಕೇರಿಯ ಕಚೇರಿಗಳಲ್ಲಿ ಅಷ್ಟು ಸಹಜವಾಗಿ ಕಾಣದು.

ಹೋಗುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ನಡುಗಡ್ಡೆಗೂ ದುಬಾರೆಗೂ ಪ್ರವೇಶ ನಿಲ್ಲಿಸುತ್ತಾರೆ. ನೀರಿನ ರಭಸವನ್ನು ಕಂಡವರು ಯಾರೂ ಆ ನಿರ್ಬಂಧವನ್ನು ದೂರಲಾರರು. ಕಾವೇರಿ ಸಂಕ್ರಮಣ ಕಳೆದು ಬಿಸಿಲು ನೆಲೆಗೊಂಡ ಮೇಲೆ ಹೊರಡಿರಿ. ಅಷ್ಟು ಹೊತ್ತಿಗೆ ದಸರೆಗೆ ಹೋದ ಆನೆಗಳೂ ಶಿಬಿರಕ್ಕೆ ಹಿಂತಿರುಗಿರುತ್ತವೆ.