ಋಣಾಗ್ರರಹಿತ ಘನಸ್ಥಿತಿ ಬ್ಯಾಟರಿಯಲ್ಲಿ ಲಿಥಿಯಮ್ ವಿನಿಯೋಗ

ಋಣಾಗ್ರರಹಿತ ಘನಸ್ಥಿತಿ ಬ್ಯಾಟರಿ: ತಯಾರಾದ ಹೊತ್ತಿಗೆ ಋಣಾಗ್ರವೆಂಬ ಪ್ರತ್ಯೇಕ ಪದಾರ್ಥವೇ ಇಲ್ಲದೆ, ಆ ಸ್ಥಾನದಲ್ಲಿ ತಾಮ್ರದ ಇಲ್ಲವೆ ತುಕ್ಕುಹಿಡಿಯದ ಉಕ್ಕಿನ ತೆಳುಹಾಳೆಯನ್ನು ಮಾತ್ರ ಇರಿಸಿ, ದ್ರವದ ಬದಲು ಘನವಾದ ವಿದ್ಯುದ್ವಿಭಾಜ್ಯವನ್ನು ನಡುವೆ ಕೊಟ್ಟು ಕಟ್ಟಿದ ವಿದ್ಯುತ್ಕೋಶ. ಹೆಸರು ತುಸು ಭ್ರಾಮಕವೇ ಸರಿ. ಮೊದಲ ಸಲ ವಿದ್ಯುತ್ತನ್ನು ತುಂಬಿದಾಗ ಧನಾಗ್ರದಿಂದ ಹೊರಟ ಲಿಥಿಯಮ್ ಅಯಾನುಗಳು ಘನಮಾಧ್ಯಮವನ್ನು ದಾಟಿ ಹಾಳೆಯ ಮೇಲೆ ಲೋಹರೂಪದಲ್ಲಿ ನೆಲೆಗೊಳ್ಳುವುದರಿಂದ, ಋಣಾಗ್ರವು ಕೋಶದೊಳಗೇ ಜನ್ಮತಾಳಿ, ವಿದ್ಯುತ್ತು ವ್ಯಯವಾದಂತೆಲ್ಲ ಕರಗಿ ತವರಿಗೆ ಮರಳುತ್ತದೆ.

ಗ್ರಾಂ ಒಂದಕ್ಕೆ ಗ್ರಾಫೈಟು 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶವನ್ನು ಹೊರಬಲ್ಲುದಾದರೆ ಲಿಥಿಯಮ್ ಲೋಹವು 3860ರಷ್ಟನ್ನು ಹೊರಬಲ್ಲುದು. ತೇವದ ಗಾಳಿ ಸೋಕಿದೊಡನೆ ಕೆಡುವ ಲಿಥಿಯಮ್ ಹಾಳೆಯನ್ನು ಕಾರ್ಖಾನೆಯಲ್ಲಿ ನಿರ್ವಹಿಸುವ ಕಷ್ಟವೂ ಇಲ್ಲಿ ತಪ್ಪುತ್ತದೆ. ಆದರೆ ಲಿಥಿಯಮ್ ಹಾಳೆಯನ್ನು ಬಿಟ್ಟವನು ಮೀಸಲನ್ನೂ ಬಿಟ್ಟಂತೆಯೇ. ಕಳೆದುಹೋದ ಲಿಥಿಯಮ್ಮಿಗೆ ಪ್ರತಿಯಾಗಿ ತೆಗೆದುಕೊಡಲು ಇಡುಗಂಟಿಲ್ಲದ ಕಾರಣ, ಪ್ರತಿಯೊಂದು ನಷ್ಟವೂ ಅಸಲಿಗೇ ಕೈಹಾಕುತ್ತದೆ. ವಿದ್ಯುತ್ತು ತುಂಬಿ ಬರಿದಾಗುವ ಆವರ್ತನವೊಂದರಲ್ಲಿ ಹೋದ ಲಿಥಿಯಮ್ಮಿನ ಶೇಕಡಾ 99 ಮರಳುವುದೆಂದರೆ ಕೇಳಲು ಇಂಪಾಗಿದ್ದರೂ, ನೂರು ಆವರ್ತನಗಳಾಗುವಷ್ಟರಲ್ಲಿ ಉಳಿಯುವುದು ಶೇಕಡಾ 37 ಮಾತ್ರ. ಸಾವಿರ ಆವರ್ತನಗಳ ಬಳಿಕವೂ ಶೇಕಡಾ 80 ಉಳಿಯಬೇಕಾದರೆ ಕೂಲಂಬ್ ದಕ್ಷತೆಯೆಂಬ ಈ ಪ್ರಮಾಣವು ಶೇಕಡಾ 99.98ನ್ನು ಮುಟ್ಟಬೇಕಾಗುತ್ತದೆ.

ನಷ್ಟದ ಒಂದು ದಾರಿ ರಾಸಾಯನಿಕವಾದುದು. ಸಲ್ಫೈಡ್ ವರ್ಗದ ವಿದ್ಯುದ್ವಿಭಾಜ್ಯಗಳು ಲಿಥಿಯಮ್ ಲೋಹದ ಸಂಪರ್ಕದಲ್ಲಿ ವಿಘಟನೆಗೊಂಡು ಲಿಥಿಯಮ್ ಸಲ್ಫೈಡ್, ಫಾಸ್ಫೈಡ್ ಮೊದಲಾದವುಗಳಾಗಿ ಮಾರ್ಪಡುತ್ತವೆ. ಇನ್ನೊಂದು ದಾರಿ ಕೇವಲ ಭೌತಿಕವಾದುದಾಗಿದ್ದು, ನನ್ನೆಣಿಕೆಯಲ್ಲಿ ಹೆಚ್ಚು ಹಠಮಾರಿಯಾದುದು ಇದೇ. ವಿದ್ಯುತ್ತನ್ನು ಸೆಳೆಯುವಾಗ ಸಂಧಿತಲದಿಂದ ಪರಮಾಣುಗಳು ಹೊರಡುವ ವೇಗವು, ಲೋಹದ ಒಳಗಿನಿಂದ ಬೇರೆ ಪರಮಾಣುಗಳು ಬಂದು ಆ ತೆರವನ್ನು ತುಂಬುವ ವೇಗವನ್ನು ಮೀರಿತೆಂದರೆ ಅಲ್ಲಿ ಪೊಳ್ಳುಗಳು ಹುಟ್ಟುತ್ತವೆ. ದ್ರವವಾಗಿದ್ದರೆ ಹರಿದುಬಂದು ತುಂಬುತ್ತಿತ್ತು, ಘನವು ಹಾಗೆ ಮಾಡಲಾರದು. ಪೊಳ್ಳಿನಾಚೆ ಬೇರ್ಪಟ್ಟು ನಿಂತ ಲೋಹವು ಲೋಹವಾಗಿಯೇ ಇದ್ದರೂ ಉಪಯೋಗಕ್ಕೆ ಬಾರದ ‘ಸತ್ತ ಲಿಥಿಯಮ್’ ಆಗುತ್ತದೆ. ಉಳಿದ ಕಿರಿದಾದ ಸ್ಪರ್ಶಸ್ಥಾನಗಳಲ್ಲಿ ಪ್ರವಾಹವು ದಟ್ಟೈಸಿ, ಮುಂದಿನ ಸಲ ವಿದ್ಯುತ್ತು ತುಂಬುವಾಗ ಲಿಥಿಯಮ್ಮು ಬಿರುಕುಗಳಲ್ಲಿ ಬೇರಿನಂತೆ ನುಸುಳಿ ಧನಾಗ್ರವನ್ನು ಮುಟ್ಟುವುದೂ ಉಂಟು.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಋಣಾಗ್ರವಿಲ್ಲದೆ ಕೋಶ ಕಟ್ಟುವ ಈ ವಿಧಾನವು ತೆಳುಪೊರೆಯ ಕೋಶದಲ್ಲಿ ಸಾಧ್ಯವೆಂಬುದನ್ನು 2000ದಲ್ಲಿಯೇ ಪ್ರಕಟಿಸಿದ್ದರು. ದೊಡ್ಡ ಕೋಶದ ಮಟ್ಟಿಗೆ ಬಹುಚರ್ಚಿತವಾದುದು 2020ರಲ್ಲಿ ಸ್ಯಾಮ್‌ಸಂಗ್ ಸಂಶೋಧಕರು ವರದಿಮಾಡಿದ ಉಪಾಯ: ಉಕ್ಕಿನ ಹಾಳೆಗೂ ಸಲ್ಫೈಡಿಗೂ ನಡುವೆ ಬೆಳ್ಳಿಯ ಕಣಗಳನ್ನೂ ಇಂಗಾಲವನ್ನೂ ಬೆರೆಸಿದ, 5ರಿಂದ 10 ಮೈಕ್ರೋಮೀಟರ್ ದಪ್ಪದ ಲೇಪವನ್ನು ಕೊಟ್ಟರೆ, ಲಿಥಿಯಮ್ಮು ಬೆಳ್ಳಿಯೊಡನೆ ಮಿಶ್ರಲೋಹವಾಗುತ್ತ ಲೇಪದ ಆಚೆಬದಿಯಲ್ಲಿ ಸಮವಾಗಿ ಸಂಚಯಗೊಳ್ಳುತ್ತದೆ, ಲೀಟರಿಗೆ 900 ವ್ಯಾಟ್-ಗಂಟೆಗೂ ಮೀರಿದ ಆ ಕೋಶವು ಸಾವಿರ ಆವರ್ತನಗಳನ್ನು ದಾಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತಮ್ಮ ಸಹಯೋಗಿಗಳೊಡನೆ 2022ರಲ್ಲಿ ಪ್ರಕಟಿಸಿದ ಕಾರ್ಯವು ಇದಕ್ಕೆ ವಿಲೋಮವಾದ ತರ್ಕವನ್ನು ಹಿಡಿಯಿತೆಂಬುದು ಗಮನಾರ್ಹ: ಲಿಥಿಯಮ್ಮಿನಲ್ಲಿ ಕರಗದ ಟಂಗ್‌ಸ್ಟನ್‌ನಂತಹ ಉಚ್ಚದ್ರವನಾಂಕದ ಲೋಹದ ತೆಳುಪೊರೆಯು ಪೊಳ್ಳುಗಳ ಉತ್ಪತ್ತಿಯನ್ನು ತಡಮಾಡುವುದೆಂದು ಅವರು ಕಂಡರು. ಅವರ ಪ್ರಯೋಗವು ಲಿಥಿಯಮ್ ಲೋಹವನ್ನು ಮೊದಲೇ ಇಟ್ಟ ಕೋಶಗಳ ಮೇಲೆ ನಡೆದುದಾದರೂ, ಸಂಧಿತಲದ ಸಮಸ್ಯೆ ಎರಡೂ ಕಡೆ ಒಂದೇ.

ಇದಲ್ಲದೆ ಮಿತವ್ಯಯದ ಒಂದು ಮಾರ್ಗವುಂಟು. ನಿಕ್ಕಲ್ ಹೆಚ್ಚಿರುವ ಧನಾಗ್ರಗಳು ಮೊದಲ ಆವರ್ತನದಲ್ಲಿ ಕೊಟ್ಟ ಲಿಥಿಯಮ್ಮಿನ ಸುಮಾರು ಹತ್ತರಲ್ಲಿ ಒಂದು ಪಾಲನ್ನು ಮರಳಿ ಸ್ವೀಕರಿಸುವುದಿಲ್ಲ. ಸಾಮಾನ್ಯ ಬ್ಯಾಟರಿಯಲ್ಲಿ ದೋಷವೆನಿಸುವ ಈ ಗುಣವು ಇಲ್ಲಿ ಹಾಳೆಯ ಮೇಲೆ ತೆಳುವಾದ ಲಿಥಿಯಮ್ ಪದರವನ್ನು ಬಿಟ್ಟು, ಬಿತ್ತನೆಗೆಂದು ಎತ್ತಿಟ್ಟ ಭತ್ತದಂತೆ, ಮುಂದಿನ ಸಂಚಯಕ್ಕೆ ನೆಲೆಯಾಗುತ್ತದೆ. ವಿಸರ್ಜನೆಯನ್ನು ಪೂರ್ತಿಗೊಳಿಸದೆ ನಿಲ್ಲಿಸುವುದರಿಂದಲೂ ಇದೇ ಫಲವು ದೊರೆಯುವುದು, ಧಾರಣಶಕ್ತಿ ಮಾತ್ರ ಅಷ್ಟು ಕುಗ್ಗುತ್ತದೆ. ಮೃದುವಾದ ಲಿಥಿಯಮ್ಮನ್ನು ಹೊರಗಿನಿಂದ ಒತ್ತಿಹಿಡಿದರೆ ಅದು ಹಿಸುಕಿಕೊಂಡು ಪೊಳ್ಳುಗಳನ್ನು ತುಂಬುವುದಾದರೂ, ಅದಕ್ಕೆ ಬೇಕಾದ ಹಲವು ಮೆಗಾಪ್ಯಾಸ್ಕಲ್ ಒತ್ತಡವನ್ನು ವಾಹನದ ಬ್ಯಾಟರಿಯಲ್ಲಿ ಸದಾಕಾಲ ಕಾಯ್ದಿಡಲು ಭಾರವಾದ ಬಿಗಿಪಟ್ಟಿಗಳು ಬೇಕಾಗುತ್ತವೆ.