ತಾಡಪತ್ರಗಳಲ್ಲಿ ಸೂಕ್ಷ್ಮಚಿತ್ರಗಳ ಆರಂಭ

ನಮ್ಮ ಶ್ರುತಭಂಡಾರಗಳ ಸೂಚಿಗಳನ್ನು ತೆರೆದು ನೋಡಿದರೆ ಗ್ರಂಥನಾಮ, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ, ಪುಟಕ್ಕೆ ಇಷ್ಟು ಪಂಕ್ತಿಗಳೆಂಬ ಲೆಕ್ಕ, ಇವೆಲ್ಲವೂ ಕ್ರಮವಾಗಿ ದೊರೆಯುತ್ತವೆ. ಗರಿಯ ಮೇಲೆ ಚಿತ್ರವಿದ್ದ ಪಕ್ಷದಲ್ಲಿ ‘ಸಚಿತ್ರ’ ಎಂಬ ಒಂದು ಪದ ದೊರೆತರೆ ಅದೇ ಹೆಚ್ಚು. ಅನೇಕ ವೇಳೆ ಅದೂ ಇರುವುದಿಲ್ಲ. ಚಿತ್ರವು ಗ್ರಂಥಕ್ಕೆ ಹೊರಗಿನ ಅಲಂಕಾರ, ಪಾಠಸಂಶೋಧಕನಿಗೆ ಅದರಿಂದ ಪ್ರಯೋಜನವಿಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲವೆಂಬುದನ್ನು, ಗರಿಯ ಮೇಲೆ ಸೂಕ್ಷ್ಮರೂಪಗಳನ್ನು ಬರೆಯುವ ಪದ್ಧತಿ ಹೇಗೆ ಮೊದಲಾಯಿತು ಎಂಬುದರ ವಿಚಾರದಿಂದಲೇ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಪಶ್ಚಿಮ ಭಾರತದಲ್ಲಿ ಶ್ವೇತಾಂಬರ ಸಂಪ್ರದಾಯದ ಭಂಡಾರಗಳು ಈ ವಿಷಯಕ್ಕೆ ಹಳೆಯ ಸಾಕ್ಷ್ಯವನ್ನು ಒದಗಿಸುತ್ತವೆ. ಜೈಸಲ್ಮೇರಿನ ಓಘನಿರ್ಯುಕ್ತಿಯ ಪ್ರತಿಯ ಕಾಲ ಕ್ರಿ.ಶ. 1060. ಅದರಲ್ಲಿ ಶ್ರೀದೇವಿ, ಕಾಮದೇವ, ಆನೆಗಳ ರೂಪಗಳಿವೆ. ಖಂಭಾತದ ಜ್ಞಾತಾಧರ್ಮಕಥಾ ಪ್ರತಿ 1127ರದು. ಅದರಲ್ಲಿ ಮಹಾವೀರಸ್ವಾಮಿ ಮತ್ತು ಸರಸ್ವತಿಯ ಚಿತ್ರಗಳಿವೆ. ಇವೆರಡರ ನಡುವಿನ ಕಾಲಕ್ಕೆ ನಮ್ಮ ನಾಡಿನ ಮೂಡಬಿದಿರೆಯ ಸಿದ್ಧಾಂತಗ್ರಂಥಗಳು ಸೇರುತ್ತವೆ. ಅಲ್ಲಿಯ ಧವಲಾ ಪ್ರತಿಯ ಕಾಲವನ್ನು ವಿದ್ವಾಂಸರು 1113 ಎಂದು ನಿರ್ಣಯಿಸಿದ್ದಾರೆ; ಮಹಾಬಂಧದ ಸಚಿತ್ರ ಪ್ರತಿಯೂ ಹೆಚ್ಚುಕಡಿಮೆ ಅದೇ ಕಾಲದ್ದು. ದಿಗಂಬರ ಪರಂಪರೆಯ ಚಿತ್ರಿತ ಗ್ರಂಥಗಳಲ್ಲಿ ಇವಕ್ಕಿಂತ ಪ್ರಾಚೀನವಾದವು ನಮಗೆ ದೊರೆತಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಷಟ್ಖಂಡಾಗಮವಾಗಲಿ ಅದರ ಮೇಲಣ ವೀರಸೇನಾಚಾರ್ಯರ ಧವಲಾ ಟೀಕೆಯಾಗಲಿ ಕಥಾಗ್ರಂಥವಲ್ಲ. ಜೀವಸ್ಥಾನ, ಗುಣಸ್ಥಾನ, ಮಾರ್ಗಣಾ, ಪ್ರಕೃತಿ-ಸ್ಥಿತಿ-ಅನುಭಾಗ-ಪ್ರದೇಶಬಂಧ ಇವು ಅಲ್ಲಿಯ ವಿಷಯ. ಇವುಗಳಲ್ಲಿ ಚಿತ್ರಕಾರನು ಬರೆಯತಕ್ಕ ಪ್ರಸಂಗ ಯಾವುದಿದೆ? ಒಂದೂ ಇಲ್ಲ. ಆದರೂ ಅವನು ಬರೆದಿದ್ದಾನೆ. ಆದುದರಿಂದ ಈ ಚಿತ್ರಗಳು ಪಾಠದ ಅರ್ಥವನ್ನು ವಿವರಿಸಲು ಹುಟ್ಟಿದವಲ್ಲವೆಂಬುದು ಸ್ಪಷ್ಟ.

ಉತ್ತರವು ಪ್ರಶಸ್ತಿಗಳಲ್ಲಿದೆ. ಧವಲಾ ಪ್ರತಿಯನ್ನು ದೇಮಿಯಕ್ಕನು ಶ್ರುತಪಂಚಮೀ ವ್ರತದ ಉದ್ಯಾಪನೆಯಲ್ಲಿ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಅದೇ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಭೂತಬಲಿ ಆಚಾರ್ಯರು ಆಗಮವನ್ನು ಪುಸ್ತಕಾರೂಢವಾಗಿ ಮಾಡಿ ಜ್ಯೇಷ್ಠ ಶುದ್ಧ ಪಂಚಮಿಯಂದು ಚತುಸ್ಸಂಘದೊಡನೆ ಪೂಜಿಸಿದರೆಂದು ಇಂದ್ರನಂದಿಯ ಶ್ರುತಾವತಾರವು ಹೇಳುವುದನ್ನು ಪಂಡಿತರು ಬಲ್ಲರು. ಆ ದಿನ ಪೂಜೆಗೊಳ್ಳುವುದು ಗ್ರಂಥವೇ. ಪೂಜ್ಯವಾದ ವಸ್ತುವಿಗೆ ಅಧಿದೇವತೆಯೂ ರಕ್ಷಕರೂ ಬೇಕು. ಬಸದಿಯಲ್ಲಿ ಜಿನಬಿಂಬದ ಎರಡು ಕಡೆಗಳಲ್ಲಿ ಯಕ್ಷಯಕ್ಷಿಯರು ನಿಲ್ಲುವಂತೆ, ಗ್ರಂಥದ ಗರಿಯ ಮೇಲೆ ಅಕ್ಷರಗಳ ಪಕ್ಕದಲ್ಲಿ ಅವರು ನಿಂತರು. ಸೂಕ್ಷ್ಮಚಿತ್ರದ ಆರಂಭವು ಕಥೆಯಿಂದಲ್ಲ, ಶ್ರುತಪೂಜೆಯಿಂದ ಎಂಬುದು ನನ್ನ ಅಭಿಪ್ರಾಯ. ಓಘನಿರ್ಯುಕ್ತಿಯ ಶ್ರೀದೇವಿಯೂ ಜ್ಞಾತಾಧರ್ಮಕಥೆಯ ಸರಸ್ವತಿಯೂ ಇದನ್ನೇ ಸಮರ್ಥಿಸುತ್ತವೆ. ಕಲ್ಪಸೂತ್ರ, ಕಾಲಕಾಚಾರ್ಯಕಥೆಗಳ ಪ್ರತಿಗಳಲ್ಲಿ ಚರಿತ್ರೆಯ ಪ್ರಸಂಗಗಳು ಸಾಲುಸಾಲಾಗಿ ಬರುವುದು ಆಮೇಲಿನ ಮಾತು. 14ನೆಯ ಶತಮಾನದಿಂದ ಕಾಗದವು ಬಳಕೆಗೆ ಬಂದು ಚಿತ್ರದ ಎತ್ತರ ಹೆಚ್ಚಿದ ಮೇಲಂತೂ ಅದು ವಿಪುಲವಾಯಿತು.

ಇನ್ನು ಚಿತ್ರಕಾರನು ಕೆಲಸವನ್ನು ಆರಂಭಿಸುತ್ತಿದ್ದ ರೀತಿಯನ್ನು ನೋಡೋಣ. ಮೊದಲು ಸ್ಥಳ. ಗರಿಯ ಅಗಲ ಎರಡು ಮೂರು ಅಂಗುಲಗಳನ್ನು ಮೀರುವುದು ಅಪರೂಪ. ದಾರದ ರಂಧ್ರಗಳು ಅದನ್ನು ಮೊದಲೇ ಭಾಗಮಾಡಿರುತ್ತವೆ. ಲಿಪಿಕಾರನು ಬಿಟ್ಟ ಚೌಕದಲ್ಲಿಯೇ ಚಿತ್ರವು ಅಡಗಬೇಕು. ಪಶ್ಚಿಮ ಭಾರತದ ಕೆಲವು ಪ್ರತಿಗಳಲ್ಲಿ ಚೌಕವು ಬರಿದಾಗಿಯೇ ಉಳಿದಿದ್ದು, ಅಂಚಿನಲ್ಲಿ ಚಿತ್ರಕಾರನಿಗಾಗಿ ಬರೆದ ಚಿಕ್ಕ ಸೂಚನೆ ಇನ್ನೂ ಕಾಣುತ್ತದೆ. ಬರಹ ಮೊದಲು, ಚಿತ್ರ ಆಮೇಲೆ ಎಂಬ ಕ್ರಮಕ್ಕೆ ಇದು ಪ್ರಮಾಣ.

ಎರಡನೆಯದು ಗರಿಯ ಗುಣ. ಅದರ ನಾರು ಉದ್ದಕ್ಕೆ ಹರಿದಿರುತ್ತದೆ. ಮೈ ನುಣುಪಾಗಿದ್ದು ಬಣ್ಣವನ್ನು ಕಾಗದದಂತೆ ಒಳಗೆ ಎಳೆದುಕೊಳ್ಳುವುದಿಲ್ಲ. ಬಣ್ಣವು ಮೇಲೆಯೇ ನಿಲ್ಲುತ್ತದೆ. ದಪ್ಪವಾಗಿ ಹಚ್ಚಿದರೆ ಗರಿ ಬಾಗಿದಾಗ ಚಕ್ಕೆಯೇಳುತ್ತದೆ. ಆದುದರಿಂದ ರೇಖೆಯೇ ಇಲ್ಲಿ ಪ್ರಧಾನ. ರೇಖೆಯು ರೂಪವನ್ನು ಪೂರ್ಣವಾಗಿ ಹೇಳಬೇಕು. ಬಣ್ಣವು ತೆಳುವಾಗಿ ಅದರೊಳಗೆ ತುಂಬಬೇಕು. ಮೂಡಬಿದಿರೆಯ ಈ ಶ್ರೀತಾಳೆಯ ಗರಿಗಳಲ್ಲಿ ಬರಹವು ಕಂಠದಿಂದ ಕೊರೆದುದಲ್ಲ, ಮಸಿಯಿಂದ ಬರೆದುದು. ಹೀಗಾಗಿ ಅಕ್ಷರಕ್ಕೂ ಚಿತ್ರದ ರೇಖೆಗೂ ಒಂದು ಸಹಜವಾದ ಬಾಂಧವ್ಯ ಏರ್ಪಟ್ಟಿದೆ.

ಮೂರನೆಯದು ಲಕ್ಷಣ. ಇಷ್ಟು ಅಲ್ಪಸ್ಥಳದಲ್ಲಿ ಆಯುಧ, ಆಭರಣ, ಪರಿವಾರಗಳನ್ನೆಲ್ಲ ಬರೆಯಲು ಎಡೆಯಿಲ್ಲ. ಯಾವುದನ್ನು ಬಿಟ್ಟರೆ ಮೂರ್ತಿಯ ಗುರುತೇ ಕೆಡುವುದೋ ಅದನ್ನು ಮಾತ್ರ ಚಿತ್ರಕಾರನು ಉಳಿಸಿಕೊಂಡನು. ಹೆಡೆಯಿಂದ ಪಾರ್ಶ್ವನಾಥನನ್ನೂ ಬಳ್ಳಿಗಳಿಂದ ಬಾಹುಬಲಿಸ್ವಾಮಿಯನ್ನೂ ಮಾವಿನ ಮರ ಮತ್ತು ಮಕ್ಕಳಿಂದ ಅಂಬಿಕೆಯನ್ನೂ ನಾವು ಅರಿಯುತ್ತೇವೆ. ವೃಷಭವಾಹನೆಯಾದ ಯಕ್ಷಿಯನ್ನು ಸುಪಾರ್ಶ್ವನಾಥನ ಶಾಸನದೇವತೆ ಕಾಳಿಯೆಂದು ಗುರುತಿಸುವುದು ಆ ವಾಹನದ ಬಲದಿಂದಲೇ. ಒಂದು ವಾಹನವು ಅಳಿಸಿಹೋದರೆ ದೇವತೆಯ ಹೆಸರೂ ಅಳಿಸಿಹೋದಂತೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಇಪ್ಪತ್ತೈದರ ಪ್ರಾಯದಲ್ಲಿ, ಒಂದು ಊರಿನ ಬಸದಿಯಲ್ಲಿದ್ದ ಓಲೆಕಟ್ಟುಗಳನ್ನು ಶುಚಿಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೊರೆದ ಅಕ್ಷರಗಳಿಗೆ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಸವರಿ ಬಟ್ಟೆಯಿಂದ ಒರೆಸಿದರೆ ಅವು ಸ್ಫುಟವಾಗಿ ಕಾಣುತ್ತವೆ. ಅದೇ ಉತ್ಸಾಹದಲ್ಲಿ ಮೊದಲ ಗರಿಯನ್ನೂ ಒರೆಸಿದೆ. ಅದರ ಬಲತುದಿಯಲ್ಲಿ ಒಬ್ಬ ಯಕ್ಷಿಯ ಚಿತ್ರವಿತ್ತು. ಬಟ್ಟೆಯ ಮೇಲೆ ಕೆಂಪು ಕಂಡಾಗ ಕೈ ನಿಂತಿತು. ಅಷ್ಟರೊಳಗೆ ಪೀಠದ ಭಾಗವೆಲ್ಲ ಹೋಗಿತ್ತು. ಒರೆಸುವ ಮೊದಲು ಚಿತ್ರವನ್ನು ಕುರಿತು ಒಂದು ಸಾಲನ್ನೂ ನಾನು ಬರೆದಿಟ್ಟಿರಲಿಲ್ಲ. ಆಕೆ ಯಾರೆಂದು ಇನ್ನು ಯಾರೂ ಹೇಳಲಾರರು. ಅಕ್ಷರಕ್ಕೆ ಹಿತವಾದ ಉಪಚಾರವೇ ಚಿತ್ರಕ್ಕೆ ಘಾತಕವಾಯಿತು.

ಪಾಠಕ್ಕೆ ಒಂದು ಭಾಗ್ಯವಿದೆ, ಅದಕ್ಕೆ ಪ್ರತಿಲಿಪಿಯಾಗುತ್ತದೆ. 1896ರಲ್ಲಿ ಆರಂಭವಾದ ಪ್ರತಿಲಿಪಿಕಾರ್ಯದಿಂದ ಧವಲಾದಿ ಗ್ರಂಥಗಳು ಮೂಡಬಿದಿರೆಯ ಹೊರಗೆ ಬಂದವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಷಟ್ಖಂಡಾಗಮವು ಹದಿನಾರು ಸಂಪುಟಗಳಾಗಿ ಪ್ರಕಟವಾಯಿತು. ಮೂಲದ ಗರಿಗಳು ನಾಶವಾದರೂ ವೀರಸೇನಾಚಾರ್ಯರ ವಾಕ್ಯಗಳಿಗೆ ಇನ್ನು ಅಪಾಯವಿಲ್ಲ. ಆದರೆ ಲಿಪಿಕಾರನು ಅಕ್ಷರಗಳನ್ನು ಮಾತ್ರ ಒಯ್ದನು. ಚಿತ್ರವು ಗರಿಯ ಮೇಲೆಯೇ ಉಳಿಯಿತು. ಆ ಗರಿಯ ಆಯುಸ್ಸೇ ಅದರ ಆಯುಸ್ಸು.

ಆದಕಾರಣ ಭಂಡಾರಗಳ ಸೂಚಿಯನ್ನು ಸಿದ್ಧಪಡಿಸುವ ವಿದ್ವಾಂಸರಲ್ಲಿ ನನ್ನ ವಿನಂತಿ ಇಷ್ಟೆ: ಚಿತ್ರವು ಯಾವ ಗರಿಯಲ್ಲಿ, ಮಧ್ಯದಲ್ಲೋ ತುದಿಯಲ್ಲೋ, ಯಾವ ಮೂರ್ತಿ, ಯಾವ ವಾಹನ-ಲಾಂಛನ, ಯಾವ ಬಣ್ಣಗಳು, ಎಷ್ಟು ಅಳಿದಿದೆ ಎಂಬುದನ್ನು ಪಾಠಭೇದವನ್ನು ಗುರುತಿಸುವಷ್ಟೇ ಎಚ್ಚರದಿಂದ ಬರೆದಿಡಬೇಕು. ಎಣ್ಣೆ ಮುಟ್ಟುವ ಮೊದಲು ಛಾಯಾಚಿತ್ರ ತೆಗೆಯಿಸಬೇಕು. ದೇಮಿಯಕ್ಕ ಮಲ್ಲಿಕಬ್ಬೆಯರು ಒಪ್ಪಿಸಿದ್ದು ಬರಿಯ ಪಾಠವನ್ನಲ್ಲ, ರೂಪಸಹಿತವಾದ ಶ್ರುತವನ್ನು. ಅದನ್ನು ಹಾಗೆಯೇ ಮುಂದಿನವರ ಕೈಗೆ ದಾಟಿಸುವುದು ನಮ್ಮ ಹೊಣೆ.